ಮೊದಲು ಫೋಟೋ, ಆಮೇಲೆ ನೀರು

"ತಪ್ಪಾಯ್ತು ಮಾಸ್ತರೇ."

ಅಪ್ಪ ಅಂದದ್ದು ಇಷ್ಟೇ. ಅದೂ ರಸ್ತೆಯಲ್ಲಿ ನಿಂತು, ನಾಲ್ಕು ಜನರ ಎದುರು, ಗ್ರೀಸು ಹತ್ತಿದ ಕೈ ಜೋಡಿಸಿ. ಅಷ್ಟು ಕೇಳಿದ್ದೇ ತಡ, ಕಿಡಿ ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಬಡಿದು ಒಳಗೆ ಹೋದ. ಆ ಹೊತ್ತಿನಿಂದ ಅಪ್ಪನ ಜೊತೆ ಮಾತು ಬಿಟ್ಟ.

ಕಿಡಿ ಅನ್ನುವುದು ಅಜ್ಜಿ ಇಟ್ಟ ಹೆಸರು. ಕೋಪ ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು, ಆರು ವರ್ಷದಿಂದ ಅಪ್ಪನ ಗ್ಯಾರೇಜಿನಲ್ಲಿದ್ದ. ಗ್ಯಾರೇಜು ಅಂದರೆ ಬೇರೆ ಜಾಗವಲ್ಲ, ಮನೆಯ ಮುಂಭಾಗವೇ. ಶಟರ್ ಎತ್ತಿದರೆ ಬೈಕುಗಳು, ಅವುಗಳ ಹಿಂದೆ ಅಮ್ಮನ ಹೊಲಿಗೆ ಮೆಷಿನ್ನು, ಅದರ ಹಿಂದೆ ಅಡುಗೆಮನೆ. ಅಮ್ಮ ಬೈಕುಗಳಿಗೆ ಸೀಟ್ ಕವರ್ ಹೊಲಿಯುತ್ತಿದ್ದಳು. ಬಂದ ಪ್ರತಿ ಬೈಕನ್ನೂ ಬಕೆಟ್ಟು ಬ್ರಷ್ಷು ಹಿಡಿದು ತೊಳೆಯುವವಳೂ ಅವಳೇ. ತೊಳೆಯದ ಬೈಕಿಗೆ ಕೈ ಹಾಕಬಾರದು ಅನ್ನುವುದು ಆ ಮನೆಯ ಕಾನೂನು.

ಜಗಳ ಹುಟ್ಟಿದ್ದು ಲೆಕ್ಕದ ಮಾಸ್ತರ ಕೆಂಪು ಬೈಕಿನಿಂದ. ಸರ್ವೀಸ್ ಮುಗಿಸಿ ಕೊಟ್ಟಾಗ ಟ್ಯಾಂಕಿನ ಎಡಗಡೆ, ಅರ್ಧ ಚಂದ್ರನ ಹಾಗೆ ಬಾಗಿದ ಒಂದು ಗೀರು. ಮಾಸ್ತರು ಬೆರಳಿಟ್ಟು ತೋರಿಸಿದರು.

"ಇದು ಇರ್ಲಿಲ್ಲ."

"ಇತ್ತು. ಬರೋವಾಗ್ಲೇ ಇತ್ತು," ಅಂದ ಕಿಡಿ.

"ಸುಳ್ಳು ಹೇಳ್ಬೇಡ. ನಿಂಗದು ಹೊಸದೇನಲ್ಲ."

ಈ ಕೊನೆಯ ಮಾತು ಬೇಡವಾಗಿತ್ತು. ಯಾಕೆಂದರೆ ಕಿಡಿಯನ್ನು ಶಾಲೆ ಬಿಡಿಸಿದ್ದೂ ಇದೇ ಮಾಸ್ತರು, ಇದೇ ಮಾತಾಡಿ. ಪರೀಕ್ಷೆಯಲ್ಲಿ ಎಲ್ಲ ಲೆಕ್ಕಕ್ಕೂ ಸರಿಯಾದ ಉತ್ತರ ಬರೆದಿದ್ದ ಹುಡುಗನನ್ನು ಎಲ್ಲರ ಎದುರು ಎಬ್ಬಿಸಿ, "ನಡುವಿನ ಹೆಜ್ಜೆ ಎಲ್ಲಿ? ಬರೀ ಉತ್ತರ ಎಲ್ಲಿಂದ ಬಂತು? ಕಾಪಿ ಹೊಡೆದು ಸುಳ್ಳು ಬೇರೆ ಹೇಳ್ತೀಯಾ?" ಅಂದು ಸೊನ್ನೆ ಕೊಟ್ಟಿದ್ದರು. ಅವನು ಮನಸ್ಸಿನಲ್ಲೇ ಲೆಕ್ಕ ಮಾಡಿದ್ದ. ಯಾರೂ ನಂಬಲಿಲ್ಲ. ಮಾರನೆಯ ದಿನ ಚೀಲವನ್ನು ಮೂಲೆಗೆಸೆದು ಗ್ಯಾರೇಜಿನಲ್ಲಿ ಕೂತ.

ಈಗ ಅಪ್ಪನೂ ಆ ಮಾಸ್ತರಿಗೆ ಕೈ ಮುಗಿದು, ದುಡ್ಡು ತಗೊಳ್ಳದೆ ಬೈಕು ಕೊಟ್ಟು ಕಳಿಸಿದ್ದ.

ಊಟಕ್ಕೆ ಕೂತರೆ ತಮಾಷೆ ನೋಡಬೇಕಿತ್ತು.

"ಅವನಿಗೆ ಹೇಳು, ಉಪ್ಪಿನ ಡಬ್ಬಿ ಈ ಕಡೆ ತಳ್ಳು ಅಂತ," ಅಪ್ಪ ಅಮ್ಮನಿಗೆ ಹೇಳುತ್ತಿದ್ದ. ಡಬ್ಬಿ ಇದ್ದದ್ದು ಕಿಡಿಯ ಮೊಣಕೈ ಪಕ್ಕ.

"ಅವರಿಗೆ ಹೇಳಮ್ಮ, ಮಾಡದ ತಪ್ಪಿಗೆಲ್ಲ ಕೈ ಮುಗಿಯೋರಿಗೆ ಉಪ್ಪು ಯಾಕೆ ಅಂತ."

"ನಾನೇನು ಟಪಾಲಿನವಳಾ?" ಅಮ್ಮ ಡಬ್ಬಿಯನ್ನು ನಡುವೆ ಕುಕ್ಕಿದಳು. "ಇಬ್ರೂ ಒಂದೇ ಇಂಜಿನ್ನಿನ ಒಳಗೆ ಕೈ ಹಾಕ್ಕೊಂಡು ಕೂತಿರ್ತೀರಿ, ಮಾತು ಮಾತ್ರ ನನ್ನ ಕೈಲಿ ಕಳಿಸ್ತೀರಿ!"

ನಿಜವೇ. ಒಬ್ಬ ಕೈ ಚಾಚಿದರೆ ಇನ್ನೊಬ್ಬ ಬೇಕಾದ ಸ್ಪ್ಯಾನರನ್ನೇ ಇಡುತ್ತಿದ್ದ. ಕೆಲಸ ಒಂದು ದಿನವೂ ನಿಲ್ಲಲಿಲ್ಲ, ಬಾಯಿ ಮಾತ್ರ ಬಂದ್.

ಐದನೇ ದಿನ ಕಿಡಿ ಬೇಯಿಸಿದ ಮೊಟ್ಟೆ ಸುಲಿಯುತ್ತಾ ಘೋಷಿಸಿದ: "ನಂಗೊಂದು ಕ್ಯಾಮೆರಾ ಬೇಕು."

ಅಜ್ಜಿಯ ಮುಖ ಅರಳಿತು. "ಅಯ್ಯೋ, ಒಳ್ಳೇದಾಯ್ತು ಮರಿ. ನಂದೊಂದು ಒಳ್ಳೆ ಫೋಟೋ ಇಲ್ಲ."

"ನಿಂಗಲ್ಲ ಅಜ್ಜಿ, ಬೈಕಿಗೆ. ಬಂದ ತಕ್ಷಣ ಒಂದು ಫೋಟೋ. ಬಿಚ್ಚೋವಾಗ ಒಂದು, ಹಾಕೋವಾಗ ಒಂದು. ಪ್ರತಿ ಹೆಜ್ಜೆಗೂ. ಆಮೇಲೆ ಯಾವ ಮಾಸ್ತರು ಬಂದು ಗೀರು ಅಂತಾರೋ ನೋಡ್ತೀನಿ."

"ಫೋನಿದೆಯಲ್ಲೋ," ಅಂದಳು ಅಕ್ಕ. ಅವಳಿಗೆ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಫೋಟೋ, ಪ್ರಿಂಟು ಅಂದರೆ ಮನೆಯಲ್ಲಿ ಅವಳ ಮಾತೇ ಕೊನೆ.

ಕಿಡಿ ತನ್ನ ಫೋನು ತೆಗೆದು ತೋರಿಸಿದ. ಒಂದು ಫೋಟೋದಲ್ಲಿ ಕಪ್ಪು ಇಂಜಿನ್ನು, ಹೊಗೆ ತುಂಬಿದ ಕೋಣೆಯ ಹಾಗಿತ್ತು. ಇನ್ನೊಂದರಲ್ಲಿ ಗೇರಿನ ಹಲ್ಲುಗಳು ಹಲ್ಲುಗಳಾಗಿರಲಿಲ್ಲ, ಕಲಸಿದ ಮೊಸರಾಗಿದ್ದವು. "ಹತ್ರ ಹಿಡಿದ್ರೆ ಮಂಜು, ದೂರ ಹಿಡಿದ್ರೆ ಇರುವೆ. ಕೈಗೆ ಎಣ್ಣೆ ಇದ್ರೆ ಗಾಜು ಮಾತೇ ಕೇಳಲ್ಲ. ಫೋಟೋ ತೆಗೆಯೋ ಹೊತ್ತಿಗೇ ಯಾರಾದ್ರೂ ಫೋನ್ ಮಾಡ್ತಾರೆ."

ಅಪ್ಪ ಅಮ್ಮನ ಕಡೆ ತಿರುಗಿದ. "ಅವನಿಗೆ ಹೇಳು, ಇಪ್ಪತ್ತೆಂಟು ವರ್ಷ ನಾನು ಕಿವಿಯಲ್ಲೇ ಇಂಜಿನ್ ನೋಡಿದೀನಿ. ಫೋಟೋಗೆ ಶಬ್ದ ಕೇಳುತ್ತಾ?"

"ಅವರಿಗೆ ಹೇಳಮ್ಮ, ಮಗ ಹೇಳಿದ್ದು ಕೇಳದ ಕಿವಿಗೆ ಇಂಜಿನ್ ಕೇಳಿದ್ರೆಷ್ಟು ಬಿಟ್ರೆಷ್ಟು ಅಂತ."

ಅಜ್ಜಿ ನಡುವೆ ಬಾಯಿ ಹಾಕಿ, "ಮೊಟ್ಟೆ ಆರ್ತಿದೆ, ತಿನ್ರಪ್ಪ," ಅಂದಳು.

ಹೊಲಿಗೆ ಮೆಷಿನ್ನಿಗೆ ಮೋಟರ್ ಹಾಕಿಸಲು ಅಮ್ಮ ಎತ್ತಿಟ್ಟಿದ್ದ ದುಡ್ಡಿತ್ತು. ಮಾರನೆಯ ಬೆಳಿಗ್ಗೆ ಟೀ ಲೋಟದ ಜೊತೆ ಅದನ್ನೂ ಮಗನ ಮುಂದಿಟ್ಟಳು. "ಇನ್ನೊಂದು ವರ್ಷ ಕಾಲಲ್ಲೇ ತುಳೀತೀನಿ. ಇದರೊಳಗೆ ಬರೋದು ತಗೋ. ಇದರ ಮೇಲೆ ಒಂದು ಕಾಸೂ ಕೇಳ್ಬೇಡ. ನಿಮ್ಮಿಬ್ಬರ ನಡುವೆ ಓಡಾಡಿ ಕಾಲು ಹೇಗೂ ಗಟ್ಟಿಯಾಗಿದೆ."

ಕ್ಯಾಮೆರಾ ಅಂಗಡಿಗೆ ಮೂವರು ಹೋದರು. ಕಿಡಿ, ಅಕ್ಕ, ಮತ್ತು ಯಾರೂ ಕರೆಯದಿದ್ದರೂ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಮೊದಲೇ ಬಾಗಿಲಲ್ಲಿ ನಿಂತಿದ್ದ ಅಜ್ಜಿ.

ಅಂಗಡಿಯವನು ಬಿಳಿ ಶರ್ಟಿನವನು. ಗಾಜಿನ ಮೇಲೆ ಒಂದು ಬೆರಳಿನ ಗುರುತೂ ಇರಲಿಲ್ಲ. ಕಿಡಿ ಚೀಲಕ್ಕೆ ಕೈ ಹಾಕಿ, ಹಳೇ ಪೇಪರಿನಲ್ಲಿ ಸುತ್ತಿದ್ದ ಒಂದು ಪಿಸ್ಟನ್ ತೆಗೆದು ಆ ಗಾಜಿನ ಮೇಲೆ ಟಕ್ಕಂತ ಇಟ್ಟ.

ಅಂಗಡಿಯವನು ಎರಡು ಹೆಜ್ಜೆ ಹಿಂದೆ ಸರಿದ. "ಏನ್ರೀ ಇದು?"

"ಇದರ ಫೋಟೋ ತೆಗೀಬೇಕು. ಇಲ್ನೋಡಿ, ಕೂದಲಿನಷ್ಟು ಸಣ್ಣ ಬಿರುಕಿದೆ. ಯಾವ ಕ್ಯಾಮೆರಾದಲ್ಲಿ ಬಿರುಕು ಕಾಣುತ್ತೋ ಅದು ನಮ್ಮದು."

ಅಂಗಡಿಯವನಿಗೆ ನಗು ಬಂತು. ಪಿಸ್ಟನ್ನಿನ ಕೆಳಗೆ ಒಂದು ಬಟ್ಟೆ ತುರುಕಿ, ಉದ್ದ ಮೂತಿಯ ದೊಡ್ಡ ಕ್ಯಾಮೆರಾ ಇಳಿಸಿದ. "ಇದು ತಗೊಳ್ಳಿ. ಆ ರಸ್ತೆಯಾಚೆ ಮರದ ಮೇಲಿರೋ ಹಕ್ಕಿಯ ಕಣ್ಣು ಕೂಡ ಬರುತ್ತೆ."

"ನಮ್ಮಲ್ಲಿ ಹಕ್ಕಿ ರಿಪೇರಿಗೆ ಬರಲ್ಲ."

ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದಳು. ಅಂಗಡಿಯವನು ಇನ್ನೊಂದು ಇಳಿಸಿದ. ಅದರ ಮೆಗಾಪಿಕ್ಸೆಲ್ ಎಷ್ಟು ಅಂತ ಹೇಳಲು ಅವನಿಗೆ ಎರಡು ಉಸಿರು ಬೇಕಾಯಿತು. ಕಿಡಿ ಪಿಸ್ಟನ್ನಿಗೆ ಗೇಣುದೂರ ಹಿಡಿದು ಒತ್ತಿದ. ಬಿರುಕು ಕಾಣಲಿಲ್ಲ. ಹಿಂದೆ ಸರಿದು ಒತ್ತಿದ. ಪಿಸ್ಟನ್ನೇ ಗುಂಡುಸೂಜಿಯಾಯಿತು. "ಲೆಕ್ಕ ಭಾರೀ ಇದೆ, ಉತ್ತರ ಬರ್ತಿಲ್ಲ," ಅಂದ. ಮೂರನೆಯದು ಹತ್ತಿರಕ್ಕೆ ಚೆನ್ನಾಗಿ ನೋಡುತ್ತಿತ್ತು. ಆದರೆ ಬಟನ್ನೇ ಇಲ್ಲ, ಎಲ್ಲ ಗಾಜು ಸವರಿ ಮಾಡಬೇಕು. ಕಿಡಿ ತನ್ನ ಕಪ್ಪು ಬೆರಳು ಎತ್ತಿ ತೋರಿಸಿದ. ಅಂಗಡಿಯವನೇ ಅದನ್ನು ವಾಪಸ್ ಎತ್ತಿಟ್ಟ.

ಅಷ್ಟರಲ್ಲಿ ಅಜ್ಜಿ ಮೂಲೆಯ ಕಪಾಟಿನಿಂದ ಕೂಗಿದಳು. "ಇದ್ಯಾಕೋ ಒಂಟಿಯಾಗಿ ಕೂತಿದೆ?"

ಯಾರೋ ಬಳಸಿ ಮಾರಿದ ಹಳೇ ಕ್ಯಾಮೆರಾ. ಸೋಪಿನ ಬಿಲ್ಲೆಯಷ್ಟು ದಪ್ಪ, ಮೂಲೆ ತರಚಿತ್ತು. "ಅದು ಹಳೇದಮ್ಮ, ಯಾರೂ ಕೇಳಲ್ಲ," ಅಂದ ಅಂಗಡಿಯವನು.

"ಹಳೇದನ್ನ ಯಾರೂ ಕೇಳಲ್ಲ, ಗೊತ್ತು ನಂಗೆ," ಅಂದಳು ಅಜ್ಜಿ.

ಕಿಡಿ ಕೈಗೆತ್ತಿಕೊಂಡ. ಎಲ್ಲ ಗಟ್ಟಿ ಬಟನ್ನು. ಯಾವ ಅಂಗಡಿಯಲ್ಲೂ ಸಿಗುವ ಎರಡು ಪೆನ್ಸಿಲ್ ಸೆಲ್ ಹಾಕಿದರೆ ಸಾಕು. ಫೋಟೋದ ಮೂಲೆಯಲ್ಲಿ ತಾರೀಕು, ಗಂಟೆ ಬೀಳುತ್ತದೆ. ಹಿಂಭಾಗದಲ್ಲಿ ಒಂದು ಸಣ್ಣ ಹೂವಿನ ಗುರುತಿನ ಬಟನ್ನು.

"ಅದು ಹೂವಿನ ಫೋಟೋಗೆ," ಅಂದಳು ಅಜ್ಜಿ, ತಜ್ಞೆಯ ಹಾಗೆ.

"ಹತ್ತಿರದ ವಸ್ತುವಿಗೆ," ಅಂದ ಅಂಗಡಿಯವನು. "ಬೆರಳುದೂರದಲ್ಲಿಟ್ಟು ತೆಗೀಬಹುದು."

ಕಿಡಿ ಹೂವು ಒತ್ತಿದ. ಪಿಸ್ಟನ್ನಿನ ಮುಖಕ್ಕೆ ಮುಖ ಕೊಟ್ಟು ಇನ್ನೊಂದು ಒತ್ತಿದ. ಪರದೆಯ ಮೇಲೆ ಬಿರುಕು, ಬೇಸಿಗೆಯ ಕೆರೆಯ ತಳದ ಹಾಗೆ ಬಾಯಿ ಬಿಟ್ಟುಕೊಂಡು ಮಲಗಿತ್ತು.

"ಇದೇ," ಅಂದ. ಅಮ್ಮನ ದುಡ್ಡಿನಲ್ಲಿ ಸೆಲ್ಲಿಗೂ, ಮೂವರ ಬನ್ನು ಟೀಗೂ ಉಳಿಯಿತು.

ಕ್ಯಾಮೆರಾದ ಅಡಿಯಲ್ಲಿ ಒಂದು ಸ್ಕ್ರೂ ತೂತಿತ್ತು. ಬೈಕಿನ ಮುರಿದ ಕನ್ನಡಿಯ ಕಡ್ಡಿ ಬಗ್ಗಿಸಿ, ಕಿಡಿ ಅವತ್ತೇ ಅದಕ್ಕೊಂದು ಸ್ಟ್ಯಾಂಡ್ ಮಾಡಿ ಗೋಡೆಗೆ ಬಿಗಿದ. ಎರಡು ವಾರದಲ್ಲಿ ಹದಿನಾಲ್ಕು ಬೈಕುಗಳ ಫೋಟೋ ತೆಗೆದ. ಒಂದೊಂದೂ ಥಳಥಳ. ಅಕ್ಕ ಪ್ರಿಂಟ್ ಮಾಡಿ ಪುಸ್ತಕಕ್ಕೆ ಅಂಟಿಸಿದಳು. ಅಪ್ಪ ಮಾತ್ರ ಆ ಪುಸ್ತಕದ ಪಕ್ಕದಲ್ಲೇ ಹಾದುಹೋದರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ನೋಡುತ್ತಿರಲಿಲ್ಲ ಅಂತ ತೋರಿಸಿಕೊಳ್ಳುತ್ತಿದ್ದ.

ಪೇಪರ್ ಹಾಕುವವನು ಚೈನು ಬದಲಿಸಲು ಕೊಟ್ಟಿದ್ದ ಬೈಕನ್ನು ಒಯ್ಯಲು ಬಂದಾಗ ಕಿಡಿ ಹೆಮ್ಮೆಯಿಂದ ಪುಸ್ತಕ ಬಿಡಿಸಿದ. "ನೋಡಣ್ಣ, ಬಂದಾಗ ನಿನ್ನ ಬೈಕು ಹೀಗಿತ್ತು."

ಪೇಪರಿನವನು ಬಗ್ಗಿ ನೋಡಿದ. ಇನ್ನೊಮ್ಮೆ ನೋಡಿದ. "ಇದು ನಂದಲ್ಲ."

"ನಿಂದೇ!"

"ನಂದು ಹುಟ್ಟಿದಾಗಿನಿಂದ ಇಷ್ಟು ಚೊಕ್ಕ ಇಲ್ಲವೋ. ಕೆಸರಲ್ಲಿ ಅದ್ದಿ ತಂದುಕೊಟ್ಟಿದೀನಿ. ಇದು ನಿಮ್ಮಮ್ಮ ತೊಳೆದ ಮೇಲಿನದು. ಬಂದಾಗಿನದು ಎಲ್ಲಿ? ತೊಳೆಯೋವಾಗಲೇ ಗೀರಿದ್ರೆ?" ಅಂದವನೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

ಕಿಡಿಯ ಮುಖ ಇಂಗು ತಿಂದ ಮಂಗನ ಹಾಗಾಯಿತು. ಹದಿನಾಲ್ಕೂ ಅಷ್ಟೇ. ಒಂದರಲ್ಲೂ ಕೆಸರಿಲ್ಲ. ಬೈಕು ಬಂದರೆ ಮೊದಲು ನೀರು, ಆಮೇಲೆ ಬಾಕಿ ಎಲ್ಲ. ಹುಟ್ಟಿದಾಗಿನಿಂದ ನೋಡಿದ ಪದ್ಧತಿ, ಅವನ ತಲೆಗೇ ಹೊಳೆದಿರಲಿಲ್ಲ.

"ನಾಳೆಯಿಂದ ಮೊದಲು ಫೋಟೋ, ಆಮೇಲೆ ನೀರು," ಅಂದ ಅಮ್ಮನಿಗೆ.

"ಥೂ! ಕೊಳಕು ಬೈಕಿಗೆ ಫೋಟೋನಾ? ನನ್ನ ಗ್ಯಾರೇಜಿನ ಮರ್ಯಾದೆ ಏನಾಗ್ಬೇಕು?"

ಬೈಕಿನ ಕೆಳಗಿನಿಂದ ಅಪ್ಪನ ದನಿ ಬಂತು. "ಅವನಿಗೆ ಹೇಳು, ಮುಖ ತೊಳೆಯದೋರ ಫೋಟೋ ಯಾರೂ ತೆಗೆಯಲ್ಲ ಅಂತ."

"ಅವರಿಗೆ ಹೇಳಮ್ಮ, ಪೊಲೀಸರು ಹಾಗೇ ತೆಗೆಯೋದು ಅಂತ."

ಬೈಕಿನ ಕೆಳಗೆ ಏನೋ ಶಬ್ದವಾಯಿತು. ಕೆಮ್ಮೋ ನಗುವೋ ಗೊತ್ತಾಗಲಿಲ್ಲ. ಕೊನೆಗೆ ರಾಜಿಯಾದದ್ದು ಹೀಗೆ: ತೊಳೆಯುವ ಮೊದಲು ಒಂದು, ತೊಳೆದ ಮೇಲೆ ಒಂದು. ಮೊದಲನೆಯದು ಕಿಡಿಗೆ, ಎರಡನೆಯದು ಅಮ್ಮನ ಮರ್ಯಾದೆಗೆ.

ಐದನೇ ವಾರ ಪೇಪರಿನವನು ಮತ್ತೆ ಬಂದ. ಟ್ಯಾಂಕಿಗೆ ಹೊಸ ಕಪ್ಪು ಬಣ್ಣ ಹೊಡೆಸಿದ್ದ. ಇಂಜಿನ್ನಿನಲ್ಲಿ ಟಿಕ್ ಟಿಕ್ ಅಂತ ಸದ್ದು. ಕಿಡಿ ಕೆಸರಿನ ಫೋಟೋ ತೆಗೆದ. ಅಮ್ಮ ತೊಳೆದಳು. ಚೊಕ್ಕದ್ದನ್ನೂ ತೆಗೆದ. ಸದ್ದು ಹುಡುಕುವ ಕೆಲಸ ಅಪ್ಪನದು. ಇಂಜಿನ್ ಚಾಲೂ ಮಾಡಿ, ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಕೊಟ್ಟು, ಎದೆಯನ್ನು ಟ್ಯಾಂಕಿನ ಮೇಲೆ ಇಳಿಬಿಟ್ಟು ಕಣ್ಣು ಮುಚ್ಚುತ್ತಿದ್ದ. ಹಾಗೆ ಅಪ್ಪಿಕೊಂಡು ಮಲಗಿದರೆ, ಯಾವ ವಾಲ್ವು ಎಷ್ಟು ಸಡಿಲ ಅಂತ ಹೇಳಿಬಿಡುತ್ತಿದ್ದ. ಕಿಡಿಗೆ ಅಪ್ಪನ ಮೇಲೆ ಎಷ್ಟೇ ಸಿಟ್ಟಿದ್ದರೂ ಆ ಭಂಗಿ ಇಷ್ಟ. ಅದರದ್ದೂ ಒಂದು ಫೋಟೋ ಹೊಡೆದ. ಬಿಚ್ಚಿದಾಗ ನಾಲ್ಕು, ಮುಗಿದ ಮೇಲೆ ಒಂದು.

ಮಧ್ಯಾಹ್ನ ಗ್ಯಾರೇಜಿನ ಬಾಗಿಲಲ್ಲಿ ಕೂತು ಫೋಟೋಗಳನ್ನು ಒಂದೊಂದಾಗಿ ನೋಡುತ್ತಿದ್ದ. ಕೊನೆಯದರಲ್ಲಿ ಬೆರಳು ನಿಂತಿತು. ಕಪ್ಪು ಟ್ಯಾಂಕಿನ ಎಡಗಡೆ, ಅರ್ಧ ಚಂದ್ರನ ಹಾಗೆ ಬಾಗಿದ ಗೀರು.

ಹಿಂದಕ್ಕೆ ಹೋದ. ತೊಳೆದ ಮೇಲಿನ ಫೋಟೋದಲ್ಲಿ ಟ್ಯಾಂಕು ಕನ್ನಡಿ. ಗೀರಿಲ್ಲ. ಬಿಚ್ಚಿದ ಮೊದಲನೇ ಫೋಟೋದಲ್ಲಿ ಗೀರಿದೆ. ಎರಡರ ನಡುವೆ ಇದ್ದದ್ದು ಒಂದೇ ಫೋಟೋ, ಅಪ್ಪ ಕಣ್ಣು ಮುಚ್ಚಿ ಕೇಳುತ್ತಿರುವುದು. ಅದನ್ನು ದೊಡ್ಡದು ಮಾಡಿದ. ಅಪ್ಪನ ಎದೆಯ ಜೇಬಿನ ತಳದಲ್ಲಿ ಒಂದು ಹರಕು. ಹರಕಿನಿಂದ, ಗ್ಯಾಪ್ ಅಳೆಯುವ ಸ್ಟೀಲ್ ಗೇಜಿನ ಮೂಲೆ ಹೊರಗೆ ಇಣುಕುತ್ತಿತ್ತು. ಇಂಜಿನ್ ನಡುಗಿದ ಹಾಗೆ ಅದೂ ಟ್ಯಾಂಕಿನ ಮೇಲೆ ನಡುಗಿತ್ತು, ಅಪ್ಪ ಬಾಗಿದಷ್ಟೇ ಬಾಗಿ.

ಅಂದರೆ ಮಾಸ್ತರು ಸುಳ್ಳು ಹೇಳಿರಲಿಲ್ಲ.

ಐದು ವಾರದಿಂದ ಕಿಡಿ ಆ ಮನುಷ್ಯನನ್ನು ದಿನಾ ಬೈದಿದ್ದ, ಸ್ನಾನ ಮಾಡುವಾಗಲೂ ಬೈದಿದ್ದ. ಅಳಿಸುವ ಬಟನ್ನು ಹೆಬ್ಬೆರಳಿನ ಕೆಳಗೇ ಇತ್ತು. ಮೂರು ಫೋಟೋ ಅಳಿಸಿದರೆ ಸಾಕು. ಗೀರಿಗೆ ಸ್ವಲ್ಪ ಪಾಲಿಶ್, ಕಥೆ ಮುಗೀತು. ಮಾಸ್ತರು ಸುಳ್ಳನಾಗಿಯೇ ಉಳಿಯುತ್ತಾನೆ.

"ಏನೋ, ಮುಖ ಹರಳೆಣ್ಣೆ ಕುಡಿದ ಹಾಗಿದೆ?" ಅಜ್ಜಿ ಪಕ್ಕದಲ್ಲಿ ಬಂದು ನಿಂತಿದ್ದಳು. "ನನ್ನ ಫೋಟೋ ಯಾವಾಗ?"

"ತೆಗೀತೀನಿ ಅಜ್ಜಿ," ಅಂದು ಹೆಬ್ಬೆರಳು ಎತ್ತಿದ.

ಊಟಕ್ಕೆ ಕೂತಾಗ, ಅನ್ನದ ತಟ್ಟೆಯ ಪಕ್ಕ, ಅಪ್ಪನ ಮುಂದೆ ಕ್ಯಾಮೆರಾ ಇಟ್ಟ. "ಅಪ್ಪ, ನೋಡು."

ಐದು ವಾರದಲ್ಲಿ ಮೊದಲ ಮಾತು. ಅಮ್ಮನ ಕೈಯ ಸೌಟು ಅಲ್ಲೇ ನಿಂತಿತು.

ಅಪ್ಪ ನೋಡಿದ. ಕಿಡಿ ಒಂದೊಂದೇ ಬಟನ್ ಒತ್ತಿದ. ಚೊಕ್ಕ ಟ್ಯಾಂಕು. ಕಣ್ಣು ಮುಚ್ಚಿದ ಅಪ್ಪ. ಗೀರು. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಅಪ್ಪ ಮೆಲ್ಲಗೆ ಬೆರಳನ್ನು ಜೇಬಿಗೆ ಹಾಕಿದ. ಬೆರಳು ಕೆಳಗಿನಿಂದ ಹೊರಗೆ ಬಂತು. ಅಲ್ಲಾಡಿಸಿದ. ಅದೂ ಅಲ್ಲಾಡಿತು.

ಮೊದಲು ನಕ್ಕವಳು ಅಜ್ಜಿ. "ಇಡೀ ಊರಿನ ಸೀಟು ಹೊಲಿಯೋಳ ಗಂಡನ ಜೇಬು ನೋಡ್ರೇ!"

"ತೊಳೆಯೋಕೆ ಹಾಕಿದ್ರೆ ತಾನೆ ಹೊಲಿಯೋದು!" ಅಮ್ಮ ಕೆಂಪಾದಳು. "ಆ ಶರ್ಟು ಮೈಯಿಂದ ಇಳಿಯುತ್ತಾ?"

ಅಪ್ಪ ಮಾತ್ರ ನಗಲಿಲ್ಲ. "ಮಾಸ್ತರ ಬೈಕಿಗೂ ನಾನೇ ಕಿವಿ ಕೊಟ್ಟಿದ್ದು," ಅಂದ.

"ಹೌದು."

"ನೀನೇ ಕೈ ತಪ್ಪಿ ಗೀರಿ, ಹೆದರಿ ಮುಚ್ಚಿಡ್ತಿದೀಯ ಅಂದ್ಕೊಂಡೆ. ಅದಕ್ಕೇ ನಾನೇ ಮುಂದೆ ಹೋಗಿ ತಪ್ಪಾಯ್ತು ಅಂದೆ." ಅನ್ನ ಕಲಸಿದ. "ನಿನ್ನನ್ನ ಕೇಳ್ಬೇಕಿತ್ತು. ತಪ್ಪಾಯ್ತು ಕಣೋ."

ಅವನು ಕಿಡಿಯಲ್ಲವೇ. "ಅದನ್ನ ಮಾಸ್ತರಿಗೆ ಮುಂಗಡವಾಗಿಯೇ ಕೊಟ್ಟಿದೀಯಲ್ಲ, ಬಿಡು. ಬಾಕಿ ಇರೋದು ನಂದು." ಉಪ್ಪಿನ ಡಬ್ಬಿಯನ್ನು ಅಪ್ಪನ ಕಡೆ ತಳ್ಳಿದ.

ಪೇಪರಿನವನಿಗೆ ನಿಜ ಹೇಳಿ ಅವನ ಟ್ಯಾಂಕು ಸರಿಮಾಡಿ ಕೊಟ್ಟ ಮೇಲೆ, ಭಾನುವಾರ ಕಿಡಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಮಾಸ್ತರ ಮನೆಗೆ ಹೋದ. ಅವರು ಹೊರಗೆ ಕುರ್ಚಿ ಹಾಕಿ ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಕೆಂಪು ಬೈಕು ಪಕ್ಕದಲ್ಲೇ ಇತ್ತು, ಗೀರೂ ಇತ್ತು.

"ಸಾರ್, ನೀವು ಸುಳ್ಳು ಹೇಳಿರ್ಲಿಲ್ಲ. ನಾನೂ ಹೇಳಿರ್ಲಿಲ್ಲ. ಹೇಗೆ ಅಂತ ಇದರಲ್ಲಿದೆ."

ಮಾಸ್ತರು ಕನ್ನಡಕ ಏರಿಸಿ ಎಲ್ಲ ಪುಟ ನೋಡಿದರು. ಕೆಸರು, ನೀರು, ಕಿವಿ, ಜೇಬು, ಗೀರು. ಕೊನೆಗೆ ತಮ್ಮ ಟ್ಯಾಂಕಿನ ಗೀರಿನ ಪಕ್ಕ ಫೋಟೋ ಹಿಡಿದು ತಾಳೆ ನೋಡಿದರು.

"ಹೆಜ್ಜೆ ಎಲ್ಲ ಸರಿಯಾಗಿದೆ," ಅಂದರು. "ಉತ್ತರ ನಿಮ್ಮ ಮನೆ ವಿರುದ್ಧವೇ ಬಂದಿದೆಯಲ್ಲಯ್ಯ. ಆದ್ರೂ ತಂದಿದೀಯಾ?"

"ಒಂಬತ್ತನೇ ಕ್ಲಾಸಲ್ಲಿ ಹೆಜ್ಜೆ ಇಲ್ಲ ಅಂತ ಸೊನ್ನೆ ಕೊಟ್ರಿ. ಕಾಪಿ ಅಂದ್ರಿ. ನಾನು ಹೊಡೆದಿರ್ಲಿಲ್ಲ."

"ನಾನು ಹಾಗಂದ್ನಾ?" ಮಾಸ್ತರು ನಿಜವಾಗಿಯೂ ಕಣ್ಣು ಕಿರಿದು ಮಾಡಿ ಯೋಚಿಸಿದರು. "ನೆನಪಿಲ್ಲಪ್ಪ."

ಆರು ವರ್ಷ ಅವನು ನೀರೆರೆದು ಬೆಳೆಸಿದ ಸಿಟ್ಟು, ಈ ಮನುಷ್ಯನಿಗೆ ನೆನಪೇ ಇಲ್ಲ! ಕಿಡಿಗೆ ಕಿರುಚಬೇಕೋ ನಗಬೇಕೋ ತಿಳಿಯಲಿಲ್ಲ.

"ಹದಿನೇಳು ಇಪ್ಪತ್ತಾರಲಿ ಎಷ್ಟು?" ಥಟ್ಟನೆ ಕೇಳಿದರು ಮಾಸ್ತರು.

"ನಾನೂರ ನಲವತ್ತೆರಡು."

"ಹೆಜ್ಜೆ?"

"ಫೋಟೋ ತೆಗೆಯೋಕಾಗ್ಲಿಲ್ಲ ಸಾರ್, ಬೇಗ ಮುಗೀತು."

ಮಾಸ್ತರ ಕೈಯಿಂದ ಉಗುರು ಕತ್ತರಿ ಜಾರಿ ಬಿತ್ತು. ಅಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಕನ್ನಡಕ ತೆಗೆದು ಒರೆಸುತ್ತಾ, ಬೇರೆ ದನಿಯಲ್ಲಿ ಅಂದರು: "ಹಾಗಾದ್ರೆ ಅವತ್ತೂ ಮಾಡಿರ್ತೀಯ. ನನ್ನ ತಪ್ಪು." ಬೈಕಿನ ಕೀ ತೆಗೆದು ಅವನ ಕೈಗಿಟ್ಟರು. "ಗೀರು ತೆಗೆಸಿ ತಾ. ದುಡ್ಡು ಕೊಡಲ್ಲ ಮತ್ತೆ."

ಕಿಡಿ ಕೆಂಪು ಬೈಕನ್ನು ಮನೆ ಮುಂದೆ ನಿಲ್ಲಿಸಿದಾಗ ಅಮ್ಮ ಆಗಲೇ ಬಕೆಟ್ ಎತ್ತಿದ್ದಳು.

"ಏಯ್, ನಿಲ್ಲು ನಿಲ್ಲು!" ಒಳಗಿನಿಂದ ಓಡಿ ಬಂದವನು ಅಪ್ಪ. ಮೈಮೇಲೆ ಅಮ್ಮ ಸೀಟಿನ ರೆಕ್ಸಿನ್ನಿನಲ್ಲಿ ಹೊಲಿದ ಹೊಸ ಏಪ್ರನ್ನು. ಅದಕ್ಕೆ ಜೇಬೇ ಇರಲಿಲ್ಲ. ಕೈಯಲ್ಲಿ ಕ್ಯಾಮೆರಾ. "ಎಷ್ಟು ಸಲ ಹೇಳ್ಬೇಕು? ಮೊದಲು ಫೋಟೋ, ಆಮೇಲೆ ನೀರು!"

"ಯಾರು ಹೇಳಿದ್ದು?" ಅಂದ ಕಿಡಿ.

"ಅವನಿಗೆ ಹೇಳು, ಸುಮ್ನಿರು ಅಂತ," ಅಪ್ಪ ಅಮ್ಮನಿಗೆ ಹೇಳಿ, ಹೂವಿನ ಬಟನ್ ಒತ್ತಿ, ತನ್ನದೇ ಗೀರಿನ ಮುಂದೆ ಮಂಡಿಯೂರಿದ. ಮೊದಲನೇ ಸಲವಾದ್ದರಿಂದ ತನ್ನ ಹೆಬ್ಬೆರಳನ್ನೇ ಎರಡು ಸಲ ತೆಗೆದ.

ಅಮ್ಮ ತೊಳೆದಳು. ಎರಡನೇ ಫೋಟೋಗೆ ಎಲ್ಲರೂ ಸುತ್ತ ಬಗ್ಗಿ ನಿಂತರು, ಅಪ್ಪ ಸರಿಯಾಗಿ ಒತ್ತುತ್ತಾನೋ ಇಲ್ಲವೋ ನೋಡಲು. ಪರದೆಯ ಮೇಲೆ ಬಂದದ್ದು ಕೆಂಪು ಟ್ಯಾಂಕು, ಅದರ ಹೊಳಪಿನೊಳಗೆ ಇಡೀ ಮನೆ. ಬಕೆಟ್ ಹಿಡಿದ ಅಮ್ಮ, ಹಲ್ಲು ಬಿಟ್ಟ ಅಕ್ಕ, ಕ್ಯಾಮೆರಾ ಹಿಡಿದ ಅಪ್ಪ, ಅವನ ಹೆಗಲ ಮೇಲೆ ಕೈಯೂರಿದ ಕಿಡಿ. ಎಲ್ಲರಿಗಿಂತ ಮುಂದೆ ತೂರಿಕೊಂಡು, ಮೂಗು ಬದನೆಕಾಯಿಯಾದ ಅಜ್ಜಿ.

"ಐದು ವಾರ ಕಾಯಿಸಿ ಇಂಥ ಫೋಟೋನಾ?" ಅಂದಳು ಅಜ್ಜಿ. ಮತ್ತೊಮ್ಮೆ ಕಣ್ಣು ಹತ್ತಿರ ತಂದು ನೋಡಿದಳು. "ಆದ್ರೂ ದೊಡ್ಡದಾಗಿ ಪ್ರಿಂಟ್ ಹಾಕ್ಸೇ. ಗೋಡೆಗೆ ಹಾಕೋಣ."